ಖಾನಾಪುರದ ಬಾಗಿಲು, ಟಿಳಕವಾಡಿಯ ಕೋಣೆ

ಅಣ್ಣನ ಮಗ ಮೊಬೈಲಿನಲ್ಲಿ ಒಂದು ಕಿರುಚಿತ್ರ ಮಾಡಿದ್ದಾನೆ. ಹತ್ತನೇ ಇಯತ್ತೆ ಮುಗಿಸಿದ ಹುಡುಗ. ಕತೆ, ಕ್ಯಾಮೆರಾ, ಎಡಿಟಿಂಗ್ ಎಲ್ಲ ಅವನದೇ. ಹೋದ ದೀಪಾವಳಿಗೆ ಮನೆಗೆ ಹೋದಾಗ ನನ್ನ ಪಕ್ಕದಲ್ಲಿ ಕೂತು, "ಅತ್ತಿ, ಇಲ್ಲೆ ಏನೋ ತಪ್ಪೈತಿ. ಏನಂತ ತಿಳಿವಲ್ದು, ನೀನs ನೋಡು" ಎಂದು ಮೊಬೈಲ್ ಕೈಗೆ ಕೊಟ್ಟ. ಚಹಾದಂಗಡಿಯ ಮುಂದೆ ಇಬ್ಬರು ಗೆಳೆಯರು ಎದುರುಬದುರು ಕೂತು ಮಾತಾಡುತ್ತಾರೆ. ಒಬ್ಬನ ಮುಖ, ಆಮೇಲೆ ಇನ್ನೊಬ್ಬನ ಮುಖ. ಆದರೆ ಇಬ್ಬರೂ ಪರದೆಯ ಬಲಕ್ಕೇ ನೋಡುತ್ತಿದ್ದಾರೆ. ಒಬ್ಬರಿಗೊಬ್ಬರು ಮಾತಾಡುತ್ತಿದ್ದಾರೆ ಅನ್ನಿಸುವುದೇ ಇಲ್ಲ. ಇಬ್ಬರೂ ಕೂಡಿ ಕಾಣದ ಮೂರನೆಯವನಿಗೆ ಏನೋ ಹೇಳುತ್ತಿರುವಂತಿದೆ.

"ಗೆರಿ ದಾಟೀದಿ" ಎಂದೆ. ಬಾಯಿಗೆ ಬಂದ ಆ ಮಾತು ನನ್ನದಲ್ಲ. ಬೆಳಗಾವಿಯ ಟಿಳಕವಾಡಿಯಲ್ಲಿ, ಎರಡನೇ ರೈಲ್ವೆ ಗೇಟಿನ ಹತ್ತಿರ ನಿಂತು ನಮ್ಮ ಕಾಲೇಜಿನ ಸರ್ ಹೇಳುತ್ತಿದ್ದ ಮಾತು.

ನಾನು ಖಾನಾಪುರದವಳು. 2004ರ ಆಸುಪಾಸಿನಲ್ಲಿ ಪಾಸ್ ಮಾಡಿಸಿಕೊಂಡು ದಿನಾ ರೈಲಿನಲ್ಲಿ ಬೆಳಗಾವಿಯ ಕಾಲೇಜಿಗೆ ಬರುತ್ತಿದ್ದೆ. ಇದಲಹೊಂಡ, ದೇಸೂರು ದಾಟಿದ ಮೇಲೆ ಟಿಳಕವಾಡಿಯ ಮೂರನೇ ಗೇಟು, ಎರಡನೇ ಗೇಟು, ಒಂದನೇ ಗೇಟು, ಆಮೇಲೆ ಸ್ಟೇಶನ್. ಈ ಗೇಟುಗಳ ಒಂದು ಬದಿಗೆ ಕಾಂಗ್ರೆಸ್ ರಸ್ತೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನ ನಡೆದದ್ದು ಇಲ್ಲೇ. ರಸ್ತೆಯ ಹೆಸರೂ ಆ ಕಾರಣಕ್ಕೇ ಬಂದದ್ದು. ಗೇಟಿನ ಇನ್ನೊಂದು ಬದಿಗೆ ಮನೆಗಳು, ಶಾಲೆಗಳು, ಕಿರಾಣಿ ಅಂಗಡಿಗಳು. ಗೇಟ್ ಬಿದ್ದಿತೆಂದರೆ ಟಿಳಕವಾಡಿ ಎರಡು ಹೋಳು. ಕಾಲೇಜಿಗೆ, ಆಫೀಸಿಗೆ ಹೊರಟವರು ಸೈಕಲ್, ಸ್ಕೂಟರ್ ಮೇಲೆ ಒಂದು ಕಾಲೂರಿ ಕಾಯುತ್ತಿದ್ದರು. ಕಿಟಕಿಯ ಪಕ್ಕ ಕೂತ ನನಗೆ ಕಾಯುವವರ ಮುಖಗಳ ಸಾಲು ಸರ್ರನೆ ಹಿಂದೆ ಸರಿಯುವುದು ಕಾಣುತ್ತಿತ್ತು.

ಪತ್ರಿಕೋದ್ಯಮ ನಮ್ಮ ವಿಷಯ. ಅದರಲ್ಲಿ ವಿಡಿಯೋ ನಿರ್ಮಾಣ ಒಂದು ಪೇಪರ್. ಎಲ್ಲರಿಗೂ ಸೇರಿ ಇದ್ದದ್ದು ಒಂದೇ ಮಿನಿ ಡಿವಿ ಕ್ಯಾಮೆರಾ. ಒಂದು ಟೇಪಿನಲ್ಲಿ 60 ನಿಮಿಷ ಹಿಡಿಯುತ್ತಿತ್ತು, ಹಳೆಯ ವರ್ಷದವರು ಬಳಸಿದ ಟೇಪಿನ ಮೇಲೇ ನಾವೂ ಹಿಡಿಯಬೇಕಿತ್ತು. ಪಾಠ ಶುರುವಾದ ದಿನ ಕೆಲಸ ಹಂಚಿದರು. ಹುಡುಗರಿಗೆ ಕ್ಯಾಮೆರಾ, ಟ್ರೈಪಾಡ್, ನಿರ್ದೇಶನ. "ನಿನ್ನ ಅಕ್ಷರ ಚಂದ ಅದಾವ, ಕಂಟಿನ್ಯುಯಿಟಿ ನೀ ಬರಕೊ" ಎಂದು ನನ್ನ ಕೈಗೆ ಒಂದು ವಹಿ ಬಂತು. ಒಂದು ಶಾಟಿಗೂ ಮುಂದಿನ ಶಾಟಿಗೂ ಹೊಂದಿಕೆ ತಪ್ಪದಂತೆ ಕಂಡದ್ದನ್ನೆಲ್ಲ ಬರೆದಿಡುವ ಕೆಲಸ ಅದು. ಹುಡುಗಿಯರಿಗೆ ಬರೆಯುವ ಕೆಲಸ ಎನ್ನುವುದು ಅಲ್ಲಿ ಯಾರೂ ಪ್ರಶ್ನೆ ಮಾಡದ ಮಾತಾಗಿತ್ತು. ಅದು ನಮ್ಮ ಕ್ಲಾಸಿನ ಬುದ್ಧಿಯಷ್ಟೇ ಅಲ್ಲ ಎಂದು ಆಮೇಲೆ ತಿಳಿಯಿತು. ಹಾಲಿವುಡ್‌ನಲ್ಲಿ ಈ ಕೆಲಸ ಮಾಡುವವರನ್ನು ಬಹಳ ಕಾಲ 'ಸ್ಕ್ರಿಪ್ಟ್ ಗರ್ಲ್' ಎಂದೇ ಕರೆದರು. ಹಿಚ್‌ಕಾಕ್‌ನ ಹೆಂಡತಿ ಆಲ್ಮಾ ರೆವಿಲ್ ಲಂಡನ್ನಿನ ಸ್ಟುಡಿಯೋಗಳಲ್ಲಿ ಫಿಲ್ಮ್ ಕತ್ತರಿಸುತ್ತ, ಕಂಟಿನ್ಯುಯಿಟಿ ಬರೆಯುತ್ತ ಬೆಳೆದವರು. 1960ರ 'ಸೈಕೋ' ಸಿದ್ಧವಾದಾಗ ಸತ್ತು ಬಿದ್ದ ಜಾನೆಟ್ ಲೀ ತುಸು ಅಲುಗಿದ್ದು ಆಲ್ಮಾ ಒಬ್ಬರ ಕಣ್ಣಿಗೇ ಬಿತ್ತು ಎಂಬ ಮಾತಿದೆ. ಅಷ್ಟು ಜನ ನೋಡಿ ಬಿಟ್ಟಿದ್ದು ಅವರಿಗೆ ಕಂಡಿತೆಂದರೆ ನನಗೆ ಅದರಲ್ಲಿ ಆಶ್ಚರ್ಯವೇ ಇಲ್ಲ. ವಹಿ ಹಿಡಿದವರು ಸೆಟ್ಟಿನಲ್ಲಿ ಉಳಿದ ಯಾರಿಗಿಂತಲೂ ಹೆಚ್ಚು ನೋಡಿರುತ್ತಾರೆ.

ಆ ವಹಿಯಲ್ಲಿ ನಾನು ಗೆರೆ ಎಳೆದು ಕಾಲಂ ಮಾಡಿದ್ದೆ: ದೃಶ್ಯ, ಶಾಟ್, ಟೇಕ್, ಟೇಪಿನ ಟೈಮ್‌ಕೋಡ್. ಆಮೇಲೆ ಅಂಗಿಯ ತೋಳು ಮಡಚಿದೆಯೋ ಇಲ್ಲವೋ, ಗಡಿಯಾರ ಯಾವ ಕೈಗೆ, ಲೋಟದಲ್ಲಿ ನೀರು ಎಲ್ಲಿಯವರೆಗೆ, ಯಾವ ಶಬ್ದಕ್ಕೆ ಕೈ ಎತ್ತಿದ. ಕೊನೆಯ ಕಾಲಂ ಊರು, ದಿನಾಂಕ, ವೇಳೆ. ಈ ಕೊನೆಯ ಕಾಲಂ ಯಾಕೆ ಬೇಕೆಂದು ಆಗ ನನಗೇ ಸರಿಯಾಗಿ ತಿಳಿದಿರಲಿಲ್ಲ, ಸರ್ ಹಾಕಿಸಿದ್ದರು, ಹಾಕಿದ್ದೆ.

ಗೆರೆಯ ಪಾಠವನ್ನು ಸರ್ ಕ್ಲಾಸಿನಲ್ಲಿ ಮಾಡಲಿಲ್ಲ. ಬೋರ್ಡಿನ ಮೇಲೆ ಎರಡು ಸೊನ್ನೆ ಬರೆದು, ನಡುವೆ ಗೀಟು ಎಳೆದು, ಕ್ಯಾಮೆರಾ ಈ 180 ಡಿಗ್ರಿಯ ಅರ್ಧಚಂದ್ರದೊಳಗೇ ಇರಬೇಕು ಎಂದು ಹೇಳಬಹುದಿತ್ತು. ಬಹಳ ಕಡೆ ಹಾಗೇ ಹೇಳಿಕೊಡುತ್ತಾರೆ. ಸರ್ ನಮ್ಮನ್ನು ಎರಡನೇ ಗೇಟಿಗೆ ಕರೆದುಕೊಂಡು ಹೋದರು. ಹಳಿಯ ಹತ್ತಿರ ಬಿಡಲಿಲ್ಲ; ಗೇಟಿನ ಹೊರಗೆ, ರಸ್ತೆಯ ಪಕ್ಕ ಟ್ರೈಪಾಡ್ ಇಡಿಸಿದರು. ರಾತ್ರಿಯಿಡೀ ಓಡಿ ಬೆಂಗಳೂರಿನಿಂದ ಬಂದ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ನಮ್ಮ ಮುಂದೆ ಹಾದು ಸ್ಟೇಶನ್ ಕಡೆ ಹೋಯಿತು. ಕ್ಯಾಮೆರಾದಲ್ಲಿ ಅದು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಓಡಿತು. ಮರುದಿನ ಅದೇ ಹೊತ್ತಿಗೆ ಗೇಟ್ ದಾಟಿಸಿ ಆಚೆ ನಿಲ್ಲಿಸಿ ಅದೇ ರೈಲನ್ನು ಮತ್ತೆ ಹಿಡಿಸಿದರು. ಎರಡನ್ನೂ ಕಂಪ್ಯೂಟರಿಗೆ ಇಳಿಸಿ ಒಂದರ ಹಿಂದೆ ಒಂದು ಜೋಡಿಸಿದಾಗ ಎಲ್ಲರೂ ಸುಮ್ಮನಾದರು. ಬೆಳಗಾವಿಯ ಬಾಗಿಲಿಗೆ ಬಂದ ರೈಲು ತಿರುಗಿ ಬೆಂಗಳೂರಿಗೆ ಹೊರಟಿತ್ತು.

"ರೈಲು ತಪ್ಪಿಲ್ಲ, ಹಳಿ ತಪ್ಪಿಲ್ಲ. ನೀವು ಗೆರಿ ದಾಟೀರಿ" ಎಂದರು ಸರ್. ಇಬ್ಬರು ಮಾತಾಡುವಾಗ ಅವರ ನೋಟದ ನಡುವೆಯೂ ಇಂಥದೊಂದು ಹಳಿ ಇರುತ್ತದೆ, ಅದು ಕಾಣುವುದಿಲ್ಲ ಅಷ್ಟೇ ಎಂದರು. ನೋಡುವವನ ತಲೆಯಲ್ಲಿ ಎಡ, ಬಲ, ದೂರ, ಹತ್ತಿರದ ಒಂದು ನಕಾಶೆ ಮೂಡಿರುತ್ತದೆ. ಕಟ್ ಆದಾಗ ಆ ನಕಾಶೆ ಹರಿಯಬಾರದು. ದಾಟಲೇಬೇಕಾದರೆ ದಾರಿ ಇದೆ. ಗೆರೆಯ ಮೇಲೇ ಕ್ಯಾಮೆರಾ ಇಟ್ಟು ನೇರ ಎದುರಿನಿಂದ ಹಿಡಿದ ಶಾಟ್ ಒಂದನ್ನು ನಡುವೆ ಹಾಕು. ಇಲ್ಲವೇ ಬೇರೆ ಏನನ್ನಾದರೂ ತೋರಿಸು.

ನಾವು ತೋರಿಸಿದ್ದು ಕಾಯುವವರ ಮುಖಗಳನ್ನು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವ, ರಿಕ್ಷಾದಲ್ಲಿ ಒತ್ತೊತ್ತಿ ಕೂತ ಶಾಲೆಯ ಮಕ್ಕಳು, ಚೀಲ ಹಿಡಿದ ಒಬ್ಬ ಅಜ್ಜಿ. ಅಜ್ಜಿಯ ಮುಖದ ಶಾಟ್ ಸಣ್ಣದು. ಒಂದು ಸೆಕೆಂಡಿಗೆ 25 ಚೌಕಟ್ಟಿನ ಲೆಕ್ಕದಲ್ಲಿ ಎರಡು ಸೆಕೆಂಡೂ ಇರಲಿಲ್ಲ. ಅದನ್ನು ಎರಡು ರೈಲುಗಳ ನಡುವೆ ಇಟ್ಟ ಕೂಡಲೇ ರೈಲು ತನ್ನ ದಾರಿಗೆ ಬಂತು. ಅಜ್ಜಿಯನ್ನು ನೋಡಿ ಬಂದ ಕಣ್ಣು ಹಿಂದಿನ ದಿಕ್ಕನ್ನು ಮರೆತಿತ್ತು. ನಾನು ದಿನಾ ಕಿಟಕಿಯಿಂದ ನೋಡುತ್ತಿದ್ದ ಮುಖಗಳೇ ಅವು. ಅವುಗಳಿಗೆ ಇಂಥ ಶಕ್ತಿ ಇದೆಯೆಂದು ನನಗೆ ಗೊತ್ತಿರಲಿಲ್ಲ.

ಪರೀಕ್ಷೆಗೆ ಕೊಟ್ಟ ಅಭ್ಯಾಸ ಜಗತ್ತಿನ ಎಲ್ಲ ಕಡೆ ಮಾಧ್ಯಮದ ವಿದ್ಯಾರ್ಥಿಗಳಿಗೆ ಕೊಡುವಂಥದೇ. ಒಬ್ಬರು ನಡೆದು ಬರಬೇಕು, ಬಾಗಿಲು ತೆಗೆದು ಒಳಗೆ ಹೋಗಬೇಕು, ಎದುರಿಗೆ ಕೂತವರ ಜೊತೆ ಎರಡು ಮಾತು ಆಡಬೇಕು. ಅಷ್ಟೇ. ಆ ಅಷ್ಟರಲ್ಲೇ ಮೂರು ವಿದ್ಯೆ ಕೂತಿವೆ: ಚಲನೆಯ ನಡುವೆ ಕಟ್ ಮಾಡುವುದು, ಮಾತಿನ ಎರಡು ಬದಿಗಳನ್ನು ಒಂದಾದ ಮೇಲೊಂದು ತೋರಿಸುವುದು, ಗೆರೆಯನ್ನು ಕಾಯುವುದು.

ಒಳಗಿನ ದೃಶ್ಯಕ್ಕೆ ಟಿಳಕವಾಡಿಯಲ್ಲಿ ನಮ್ಮ ಕ್ಲಾಸಿನ ಹುಡುಗರು ಬಾಡಿಗೆಗೆ ಹಿಡಿದ ಕೋಣೆ ಸಿಕ್ಕಿತು. ಆದರೆ ಅದರ ಬಾಗಿಲು ಬಣ್ಣ ಬಳಿದ ಪ್ಲೈವುಡ್ಡಿನದು, ಯಾರಿಗೂ ಮನಸ್ಸಿಗೆ ಬರಲಿಲ್ಲ. ಖಾನಾಪುರದ ನಮ್ಮ ಮನೆಯದು ಸಾಗವಾನಿಯ ಜೋಡಿ ಕದ, ಮೇಲೆ ಹೆಂಚಿನ ಮಾಡು, ಮುಂದೆ ಕಲ್ಲಿನ ಮೆಟ್ಟಿಲು. ಹೊರಗಿನದನ್ನು ಅಲ್ಲಿ ಹಿಡಿಯೋಣ ಎಂದೆ. ಹುಡುಗರು ನಕ್ಕರು. ಸರ್ ನಗಲಿಲ್ಲ. ರಷ್ಯಾದ ಲೆವ್ ಕುಲೆಶೋವ್ 1920ರ ಸುಮಾರಿಗೆ ಇದನ್ನೇ ಮಾಡಿ ನೋಡಿದ್ದ, ಮಾಸ್ಕೋದ ಬೇರೆ ಬೇರೆ ಕಡೆ ಹಿಡಿದ ತುಣುಕುಗಳ ಜೊತೆ ವಾಷಿಂಗ್ಟನ್ನಿನ ಶ್ವೇತಭವನವನ್ನೂ ಸೇರಿಸಿ ಒಂದೇ ಓಣಿ ಎಂಬಂತೆ ಕಾಣಿಸಿದ್ದ ಎಂದು ಹೇಳಿದರು. ನಮ್ಮದು ಬರೀ 26 ಕಿಲೋಮೀಟರು.

ಖಾನಾಪುರಕ್ಕೆ ಹೋದದ್ದು ಮಳೆಗಾಲದಲ್ಲಿ. ಅಲ್ಲಿಯ ಮಳೆ ಬೆಳಗಾವಿಯವರು ಕಂಡ ಮಳೆಯಲ್ಲ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ನಮ್ಮೂರಿಗೆ ಬರುವ ಹೊತ್ತಿಗೇ ಕೆಂಪಗೆ ತುಂಬಿರುತ್ತದೆ. ಮಳೆ ನಿಂತ ನಡುವಿನ ಹೊತ್ತಿನಲ್ಲಿ ಶಾಟ್ ಹಿಡಿದೆವು. ಹುಡುಗ ಬಂದ, ಮೆಟ್ಟಿಲು ಹತ್ತಿದ, ಕದಕ್ಕೆ ಕೈ ಹಚ್ಚಿದ, ನೂಕಿದ. ವಹಿಯಲ್ಲಿ ಬರೆದೆ: ಬಲಗೈ, ಎಡಗದ ಮೊದಲು, ಪ್ಯಾಂಟಿನ ಅಂಚು ಕಣಕಾಲಿನ ತನಕ ಒದ್ದೆ, ಚಪ್ಪಲಿ ಮೆಟ್ಟಿಲ ಕೆಳಗೆ ಬಿಟ್ಟ, ಬರಿಗಾಲು ಒದ್ದೆ, ಮೋಡದ ಬೆಳಕು.

ಕೆಲವು ದಿನಗಳಾದ ಮೇಲೆ ಟಿಳಕವಾಡಿಯ ಕೋಣೆಯಲ್ಲಿ ಒಳಗಿನ ಶಾಟ್. ಹೊರಗೆ ಬಿಸಿಲು. ಹುಡುಗ ಒಣ ಪ್ಯಾಂಟ್ ಹಾಕಿಕೊಂಡು ಬಂದಿದ್ದ. ಬಚ್ಚಲಿನಿಂದ ತಂಬಿಗೆಯಲ್ಲಿ ನೀರು ತಂದು ಅವನ ಕಾಲಿನ ಮೇಲೆ ಹೊಯ್ದೆ. "ಯಾರ್ ನೋಡ್ತಾರs ಕಾಲ?" ಎಂದ ಕ್ಯಾಮೆರಾ ಹಿಡಿದವ. ಯಾರೂ ನೋಡುವುದಿಲ್ಲ, ಅದು ನಿಜ. ಆದರೆ ಒಣಗಿದ ಕಾಲು ಬಂದಿದ್ದರೆ ನೋಡುವವರಿಗೆ ಏನೋ ಹುಸಿ ಅನ್ನಿಸುತ್ತಿತ್ತು, ಏನೆಂದು ತಿಳಿಯುತ್ತಿರಲಿಲ್ಲ. ನೆಲದ ಮೇಲೆ ಮೂಡಿದ ಒದ್ದೆ ಹೆಜ್ಜೆ ಎಲ್ಲರಿಗೂ ಹಿಡಿಸಿ, ಒಳಗಿನ ಶಾಟ್ ಕಾಲಿನಿಂದಲೇ ಶುರು ಮಾಡೋಣವೆಂದಾಯಿತು. ಅದರಿಂದ ಇನ್ನೊಂದು ಲಾಭವಾಯಿತು. ಪ್ಲೈವುಡ್ ಬಾಗಿಲು ಚೌಕಟ್ಟಿನ ಹೊರಗೇ ಉಳಿಯಿತು.

ಕೋಣೆಯ ಟ್ಯೂಬ್‌ಲೈಟ್ ಹಸಿರು ಹೊಡೆಯುತ್ತಿತ್ತು. ಅದನ್ನು ಆರಿಸಿ, ಕಿಟಕಿಗೆ ಬಿಳಿ ಪಂಜೆ ಕಟ್ಟಿ ಬಿಸಿಲನ್ನು ಮೋಡದ ಬೆಳಕಿನಷ್ಟು ಮೆತ್ತಗೆ ಮಾಡಿದೆವು. ವೈಟ್ ಬ್ಯಾಲೆನ್ಸಿಗೆ ನನ್ನ ವಹಿಯದೇ ಖಾಲಿ ಹಾಳೆ.

ಇನ್ನು ಆ ಎರಡು ಮಾತು. ಬಂದ ಹುಡುಗ ಮರಾಠಿ ಮನೆಯವ, ಕುರ್ಚಿಯಲ್ಲಿ ಕೂತ ಹುಡುಗಿ ಕನ್ನಡದವಳು. ಯಾವ ಭಾಷೆಯಲ್ಲಿ ಆಡಿಸಬೇಕು ಎಂಬ ಚರ್ಚೆ ಹೊರಗಾಗಿದ್ದರೆ ಎಲ್ಲಿಗೆ ಹೋಗುತ್ತಿತ್ತೋ. ಅವನು ಮರಾಠಿಯಲ್ಲಿ ಕೇಳಿದ, ಅವಳು ಕನ್ನಡದಲ್ಲಿ ಉತ್ತರ ಕೊಟ್ಟಳು. ನಮ್ಮ ಪೇಟೆಯಲ್ಲಿ, ಬಸ್ಸಿನಲ್ಲಿ, ಕ್ಲಾಸಿನಲ್ಲಿ ದಿನಾ ನಡೆಯುವುದೇ ಅದು. ಅವನು ಪರದೆಯ ಬಲಕ್ಕೆ ನೋಡಿದ, ಅವಳು ಎಡಕ್ಕೆ. ಎರಡು ನೋಟ ಕೂಡಿದವು. ಬೆಳಗಾವಿಯ ಬಗ್ಗೆ ಆಮೇಲೆ ಎಷ್ಟೋ ಗಂಟೆಗಳ ದೃಶ್ಯ ನನ್ನ ಕೈಯಲ್ಲಿ ಹಾದುಹೋಗಿದೆ. ಊರು ಇರುವ ಹಾಗೆ ಕಂಡದ್ದು ಆ ಅಭ್ಯಾಸದ ತುಣುಕಿನಲ್ಲೇ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಎಡಿಟಿಂಗ್ ಎಂದರೆ ಆಗ ಕಾಯುವ ಕೆಲಸ. ಒಂದು ಗಂಟೆಯ ಟೇಪನ್ನು ಕಂಪ್ಯೂಟರಿಗೆ ಇಳಿಸಲು ಒಂದು ಗಂಟೆಯೇ ಬೇಕು. ಅಷ್ಟಕ್ಕೇ ಸುಮಾರು 13 ಜಿಬಿ ಜಾಗ ಹೋಗುತ್ತಿತ್ತು. ಕರೆಂಟ್ ಹೋದರೆ ಮೊದಲಿನಿಂದ. ಹೀಗಾಗಿ ಎಲ್ಲವನ್ನೂ ಇಳಿಸುವಂತಿರಲಿಲ್ಲ, ಬೇಕಾದ ಟೇಕ್ ಯಾವುದೆಂದು ಮೊದಲೇ ಗೊತ್ತಿರಬೇಕಿತ್ತು. ಗೊತ್ತಿದ್ದದ್ದು ವಹಿಗೆ. ಶೂಟಿಂಗಿನಲ್ಲಿ ಬದಿಗೆ ನಿಂತಿದ್ದ ನಾನು ಎಡಿಟಿಂಗ್ ಕೋಣೆಯಲ್ಲಿ ಮೌಸ್ ಹಿಡಿಯುವ ಕುರ್ಚಿಗೆ ಬಂದೆ. ಯಾರೂ ಕೊಟ್ಟದ್ದಲ್ಲ, ಬೇರೆ ಯಾರಿಗೂ ಟೇಪಿನೊಳಗಿನ ದಾರಿ ತಿಳಿಯುತ್ತಿರಲಿಲ್ಲ.

ಬಾಗಿಲಿನ ಕಟ್ ಬಹಳ ಕಾಡಿತು. ಕದ ಪೂರ್ತಿ ತೆರೆದ ಮೇಲೆ ಕತ್ತರಿಸಿದರೆ ಎರಡು ಊರು ಎರಡಾಗಿಯೇ ಕಾಣುತ್ತಿದ್ದವು. ಕೈ ಕದಕ್ಕೆ ತಾಗಿ ನೂಕುವ ಬಲ ಶುರುವಾದ ಚೌಕಟ್ಟಿನಲ್ಲಿ ಕತ್ತರಿಸಿ, ಒಳಗೆ ಕಾಲು ಹೊಸ್ತಿಲ ಮೇಲೆ ಇಳಿಯುತ್ತಿರುವಲ್ಲಿಂದ ಹಿಡಿದಾಗ ಕೂಡಿತು. ಚಲನೆಯ ಹಿಂದೆ ಹೋದ ಕಣ್ಣು ಬೆಸುಗೆಯನ್ನು ನೋಡುವುದಿಲ್ಲ. ಆದರೂ ಪೂರ್ತಿ ಕೂಡಿದ್ದು ಸದ್ದಿನಿಂದ. ನಮ್ಮ ಮನೆಯ ಕದ ಮಳೆಗಾಲದಲ್ಲಿ ಉಬ್ಬಿ ಕಿರ್ರೆಂದು ಉದ್ದಕ್ಕೆ ಕೂಗುತ್ತದೆ. ಆ ಕೂಗನ್ನು ಕಟ್ ಆದ ಮೇಲೂ ಎಳೆದು ಟಿಳಕವಾಡಿಯ ಕೋಣೆಯೊಳಗೆ ಬಿಟ್ಟೆ. ಕಾಣದ ಪ್ಲೈವುಡ್ ಬಾಗಿಲು ಸಾಗವಾನಿಯದಾಯಿತು.

ದಿನಾ ಆ ದಾರಿಯನ್ನು ರೈಲಿನಲ್ಲಿ ಕೂತು ಸವೆಸುತ್ತಿದ್ದವಳು ನಾನು. ರೈಲು ತಪ್ಪಿದರೆ ಕ್ಲಾಸು ತಪ್ಪುತ್ತಿತ್ತು, ಸಂಜೆ ತಡವಾದರೆ ಮನೆಯಲ್ಲಿ ಮಾತು ಏಳುತ್ತಿತ್ತು. ಅಂಥ ದೂರ ಒಂದು ಹೆಜ್ಜೆಯಲ್ಲಿ ಮುಗಿದುಹೋಯಿತು. ಅವ್ವನಿಗೆ ತೋರಿಸಿದಾಗ ಆಕೆ ಎರಡು ಸಲ ಹಾಕಿಸಿಕೊಂಡು ನೋಡಿ, "ನಮ್ಮ ಬಾಗಲಾ ಹಿಂಗ ಬೆಳಗಾವ್ಯಾಗ ತಗದ್ರ, ನಿನಗ ಪಾಸ್ ರೊಕ್ಕಾ ಉಳೀತದ ನೋಡವಾ" ಎಂದಳು.

ಆ ದಿನಗಳಲ್ಲೇ ಸರ್ 'ಪಥೇರ್ ಪಾಂಚಾಲಿ' ತೋರಿಸಿದರು. ಕಾಶಹೂವಿನ ಬಯಲಿನಲ್ಲಿ ಅಪು, ದುರ್ಗಾ ರೈಲು ನೋಡಲು ಓಡುವ ದೃಶ್ಯ ಮುಗಿದ ಮೇಲೆ ನಿಲ್ಲಿಸಿ, ಅದರ ಹಿಂದಿನ ಸಂಗತಿ ಹೇಳಿದರು. ಸತ್ಯಜಿತ್ ರೇ 1952ರ ಅಕ್ಟೋಬರಿನಲ್ಲಿ ಒಂದು ದಿನ ಅಲ್ಲಿ ಚಿತ್ರೀಕರಿಸಿ, ವಾರ ಬಿಟ್ಟು ಮತ್ತೆ ಹೋದರೆ ಹೂವೇ ಇಲ್ಲ. ದನಗಳು ಮೇದು ಮುಗಿಸಿದ್ದವು. ಹೂ ಮತ್ತೆ ಬಿಡುವ ಕಾಲಕ್ಕಾಗಿ ಕಾಯಬೇಕಾಯಿತು. ದುಡ್ಡಿಲ್ಲದೆ ನಿಂತು ನಿಂತು ನಡೆದ ಆ ಸಿನಿಮಾ ಬಿಡುಗಡೆಯಾದದ್ದು 1955ರಲ್ಲಿ. ನಡುವೆ ಮಿಠಾಯಿ ಮಾರುವವನ ಪಾತ್ರ ಮಾಡಿದವರು ತೀರಿಕೊಂಡರು, ನಾಯಿಯೂ ಸತ್ತಿತು. ಬೇರೆ ಮನುಷ್ಯ, ಬೇರೆ ನಾಯಿ ಬಂದರು, ನೋಡುವವರಿಗೆ ತಿಳಿಯಲಿಲ್ಲ. ಅಪುವಿನ ಧ್ವನಿ ಒಡೆಯಲಿಲ್ಲ, ದುರ್ಗಾ ದೊಡ್ಡವಳಾಗಲಿಲ್ಲ, ಮುದುಕಿಯ ಪಾತ್ರದ ಚುನೀಬಾಲಾ ದೇವಿ ಬದುಕಿದ್ದರು, ಈ ಮೂರೂ ಪವಾಡ ಎಂಬ ಅರ್ಥದಲ್ಲಿ ರೇ ನೆನೆದಿದ್ದಾರೆ. ನನಗೆ ಆ ಕತೆ ಕಂಟಿನ್ಯುಯಿಟಿಯ ದೊಡ್ಡ ಪಾಠ. ಕಾಲ ಎಲ್ಲವನ್ನೂ ಬದಲಿಸುತ್ತಿರುವಾಗ ಬದಲಾಗಿಲ್ಲ ಎಂದು ನಂಬಿಸುವುದು ಎಷ್ಟು ಕಷ್ಟದ ಕೆಲಸ!

ಬೆಳಗಾವಿಯವರಿಗೆ ಈ ವಿದ್ಯೆ ದೂರದ್ದಾಗಿರಲಿಲ್ಲ ಎಂದೂ ಸರ್ ನೆನಪಿಸುತ್ತಿದ್ದರು. ಪ್ರಭಾತ್ ಫಿಲ್ಮ್ ಕಂಪನಿ 1929ರಲ್ಲಿ ಹುಟ್ಟಿದ್ದು ನಮ್ಮ ಪಕ್ಕದ ಕೊಲ್ಹಾಪುರದಲ್ಲಿ. 1933ರಲ್ಲಿ ಪುಣೆಗೆ ಹೋಯಿತು, 1960ರಲ್ಲಿ ಅದರ ಅಂಗಳದಲ್ಲೇ ಫಿಲ್ಮ್ ಇನ್‌ಸ್ಟಿಟ್ಯೂಟ್ ಬಂತು. ಗಿರೀಶ್ ಕಾಸರವಳ್ಳಿ ಕಲಿತದ್ದು ಅಲ್ಲಿ. ರೇಣು ಸಲೂಜಾ ಎಡಿಟಿಂಗ್ ಕಲಿತದ್ದೂ ಅಲ್ಲಿಯೇ. 'ಜಾನೇ ಭೀ ದೋ ಯಾರೋ', 'ಪರಿಂದಾ' ಕತ್ತರಿಸಿದ ಕೈ ಅವರದು. 2000ದಲ್ಲಿ ತೀರಿಕೊಂಡರು. ಅವರ ಹೆಸರು ಕೇಳಿದ ದಿನ ವಹಿ ಬರೆಯುವುದು ಸಣ್ಣ ಕೆಲಸ ಎಂಬ ಭಾವ ನನ್ನಿಂದ ಹೋಯಿತು.

ಮುಂದೆ ಬೆಂಗಳೂರಿನ ಒಂದು ಸುದ್ದಿವಾಹಿನಿಯಲ್ಲಿ ಎಡಿಟರ್ ಆದೆ. ಕಲಿತದ್ದೆಲ್ಲ ಅಲ್ಲಿ ಉಪಯೋಗಕ್ಕೆ ಬಂತು. ನಾಯಕರ ಭಾಷಣದ ನಡುವಿನ ನಾಲ್ಕು ವಾಕ್ಯ ತೆಗೆದು, ಮುಖ ಜಿಗಿಯದಂತೆ ಅಲ್ಲಿ ಚಪ್ಪಾಳೆ ತಟ್ಟುವವರ ಶಾಟ್ ಇಟ್ಟರೆ ಸಾಕು, ಬೆಸುಗೆ ಕಾಣುವುದಿಲ್ಲ. ಎರಡನೇ ಗೇಟಿನ ಅಜ್ಜಿ ಮಾಡಿದ ಕೆಲಸವೇ ಅದು. ಆದರೆ ಅಲ್ಲಿ ಅಜ್ಜಿ ರೈಲಿನ ನಿಜವಾದ ದಿಕ್ಕನ್ನು ಉಳಿಸಿಕೊಟ್ಟಿದ್ದಳು. ಇಲ್ಲಿ ಚಪ್ಪಾಳೆ ತಟ್ಟುವವರು ಆಡಿದ ಮಾತನ್ನು ಮುಚ್ಚುತ್ತಿದ್ದರು.

ಬೆಳಗಾವಿಯ ಸುದ್ದಿ ಬಂದಾಗ ಇದು ಇನ್ನೂ ಚುಚ್ಚುತ್ತಿತ್ತು. ನವೆಂಬರ್ 1 ಹತ್ತಿರ ಬಂದಾಗ, ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆಯುವಾಗ ಊರಿನಲ್ಲಿ ಒಂದು ಘೋಷಣೆ ಕೇಳಿದರೂ ಗಡಿ ಗಲಾಟೆಯ ದೃಶ್ಯ ಬೇಕು. ಆ ದಿನದ ದೃಶ್ಯದಲ್ಲಿ ಬೀದಿ ಶಾಂತವಾಗಿರುತ್ತದೆ. ಹಳೆಯ ದಾಸ್ತಾನಿನಲ್ಲಿ ಯಾವುದೋ ವರ್ಷದ ಕಲ್ಲು, ಬೆಂಕಿ, ಒಡೆದ ಗಾಜು ಸಿದ್ಧ ಇರುತ್ತದೆ. ಎರಡನ್ನೂ ಕೂಡಿಸಿದರೆ ಕುಲೆಶೋವ್ ಹೇಳಿದ ಊರು ಹುಟ್ಟುತ್ತದೆ. ಅದು ಎಲ್ಲಿಯೂ ಇಲ್ಲದ ಬೆಳಗಾವಿ. ಮೂಲೆಯಲ್ಲಿ 'ಹಳೆಯ ದೃಶ್ಯ' ಎಂದು ಹಾಕೋಣ ಎಂದರೆ ಗ್ರಾಫಿಕ್ಸಿಗೆ ಜಾಗವಿಲ್ಲ ಎನ್ನುತ್ತಿದ್ದರು. ಅಂಥ ಹೊತ್ತಿನಲ್ಲಿ ಖಾನಾಪುರದ ಅಣ್ಣನ ಫೋನ್ ಬರುತ್ತಿತ್ತು, "ಟಿವಿಯೊಳಗ ಬೆಂಕಿ ತೋರಸಾಕತ್ತಾರ, ಹುಡುಗರು ಕಾಲೇಜಿಗೆ ಹೋಗ್ಯಾರ, ಖರೇನ ಏನವಾ?" ಎಂದು. ಆ ಬೆಂಕಿಯನ್ನು ಜೋಡಿಸುವ ಟೇಬಲ್ಲಿನಲ್ಲಿ ಕೂತು ಅವನಿಗೆ ಉತ್ತರ ಹೇಳಬೇಕಿತ್ತು. ವಹಿಯ ಕೊನೆಯ ಕಾಲಂ ಯಾಕೆ ಬೇಕೆಂದು ನನಗೆ ತಿಳಿದದ್ದು ಅಲ್ಲಿ.

ಆ ವಾಹಿನಿ ಬಿಟ್ಟು ಈಗ ಸಾಕ್ಷ್ಯಚಿತ್ರಗಳ ಎಡಿಟಿಂಗ್ ಮಾಡುತ್ತೇನೆ. ಊರಿಗೆ ಹೋದಾಗೆಲ್ಲ ಆ ಹಳಿಯ ಕಡೆ ನೋಡುತ್ತೇನೆ. ಒಂದೇ ಇದ್ದ ಹಳಿ ಜೋಡಿಯಾಗಿದೆ, ಮೇಲೆ ವಿದ್ಯುತ್ ತಂತಿ ಬಂದಿದೆ. ಮೂರನೇ ಗೇಟಿಗೆ ಮೇಲ್ಸೇತುವೆ ಆಗಿದೆ. ಅಲ್ಲಿ ಕಾಯುವ ಮುಖಗಳಿಲ್ಲ, ಜನರಿಗೆ ಅದರಿಂದ ಒಳ್ಳೆಯದೇ ಆಯಿತು. ಎಡಿಟಿಂಗ್ ರೀತಿಯೂ ಬದಲಾಗಿದೆ. ಇವತ್ತಿನ ಹುಡುಗರು ಜಂಪ್ ಕಟ್ ಎನ್ನುವ ಜಿಗಿಯುವ ಕಟ್ಟುಗಳ ನಡುವೆಯೇ ಬೆಳೆದಿದ್ದಾರೆ. ಗೊದಾರ್ 1960ರಲ್ಲಿ 'ಬ್ರೆತ್‌ಲೆಸ್' ಮಾಡಿ ಕಟ್ಟು ಜಿಗಿದರೆ ಜಿಗಿಯಲಿ ಎಂದು ತೋರಿಸಿದ. ಜಪಾನಿನ ಓಜು ಗೆರೆಯನ್ನು ಬೇಕೆಂದೇ ದಾಟುತ್ತಿದ್ದ. ಹಾಗೆ ಕಾಣುವ ಬೆಸುಗೆ ಒಂದು ರೀತಿಯಲ್ಲಿ ಪ್ರಾಮಾಣಿಕ, ಇಲ್ಲಿ ಏನೋ ತೆಗೆದಿದ್ದೇನೆ ಎಂದು ಅದೇ ಹೇಳುತ್ತದೆ. ಹುಡುಗರ ಆ ಜಿಗಿತವನ್ನು ನಾನು ಸೋಮಾರಿತನ ಎನ್ನಲಾರೆ. ಗೆರೆ ಎಲ್ಲಿದೆ ಎಂದು ತಿಳಿದು ದಾಟಿದರೆ ಸಾಕು.

'ಗಾಡ್‌ಫಾದರ್'ನ ಸದ್ದು, 'ಅಪೊಕ್ಯಾಲಿಪ್ಸ್ ನೌ'ನ ಎಡಿಟಿಂಗ್‌ನಲ್ಲಿ ಕೈಯಾಡಿಸಿದ ವಾಲ್ಟರ್ ಮರ್ಚ್ ತನ್ನ ಪುಸ್ತಕದಲ್ಲಿ ಒಳ್ಳೆಯ ಕಟ್ಟಿಗೆ ಆರು ಗುಣ ಪಟ್ಟಿ ಮಾಡಿ ಅಂಕ ಕೊಟ್ಟಿದ್ದಾನೆ. ಭಾವಕ್ಕೆ 51, ಕತೆಗೆ 23. ಜಾಗದ ಕಂಟಿನ್ಯುಯಿಟಿಗೆ ಎಲ್ಲಕ್ಕಿಂತ ಕೊನೆಗೆ ಬರೀ 4. ಕತೆಯ ಸಿನಿಮಾಕ್ಕೆ ಅದು ಸರಿ; ಒದ್ದೆ ಕಾಲು ಕೂಡ ಭಾವಕ್ಕಾಗಿಯೇ ಒದ್ದೆಯಾಗಬೇಕು. ಆದರೆ ನಿಜವಾದ ಊರು, ನಿಜವಾದ ಜನ ಇರುವ ದೃಶ್ಯಕ್ಕೆ ಈ ಪಟ್ಟಿಯನ್ನು ನಾನು ಒಪ್ಪುವುದಿಲ್ಲ. ಅಲ್ಲಿ ಜಾಗ ಮತ್ತು ದಿನ ಮೊದಲು. ಕಡತದಿಂದ ತಂದ ಒಂದೊಂದು ಶಾಟಿನ ಕೆಳಗೂ ಊರು, ತಿಂಗಳು, ವರ್ಷ ಹಾಕಿಸುತ್ತೇನೆ. ಪರದೆ ಗಿಜಿಗಿಜಿ ಆಗುತ್ತದೆ ಎಂದು ನಿರ್ಮಾಪಕರು ಹೇಳಿದರೆ, ಅಕ್ಷರ ಸಣ್ಣದು ಮಾಡಲು ಒಪ್ಪುತ್ತೇನೆ, ತೆಗೆಯಲು ಒಪ್ಪುವುದಿಲ್ಲ.